ಮನೆಯಂಗಳದಲ್ಲಿ ಹೆಜ್ಜೆ–ತಾಳದ ಆಟ: ಒಂಬತ್ತನೇ ತರಗತಿಯ ‘ಶಬ್ದ’ ಘಟಕಕ್ಕೊಂದು ಚಟುವಟಿಕೆ ಪಾಠ

ಪೀಠಿಕೆ

ಸೊರಬ ತಾಲ್ಲೂಕಿನ ಕ್ಯಾಸನೂರಿನ ಹೆಸರು ಪ್ರಪಂಚದ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಇದೆ. 1957ರಲ್ಲಿ ಇಲ್ಲಿನ ಕಾಡಿನಲ್ಲಿ ಮಂಗಗಳು ಸತ್ತವು, ಜನರಿಗೆ ಜ್ವರ ಬಂತು, ಹೊಸದೊಂದು ವೈರಸ್ ಪತ್ತೆಯಾಯಿತು. ಉಣುಗುಗಳಿಂದ ಹರಡುವ ಈ ಮಂಗನ ಕಾಯಿಲೆ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಕಾಣಿಸಿಕೊಳ್ಳುತ್ತದೆ. ಆ ದಿನಗಳಲ್ಲಿ ಕಾಡಿನಂಚಿನ ಮನೆಗಳವರು ಮಕ್ಕಳನ್ನು ಆಟಕ್ಕೆಂದು ಬೇಲಿ ದಾಟಿ ಕಳಿಸಲು ಹಿಂಜರಿಯುತ್ತಾರೆ. ಜೂನ್ ಬಂದರೆ ಮಲೆನಾಡಿನ ಮಳೆ. ಹೀಗೆ ವರ್ಷದ ಎರಡೂ ಭಾಗಗಳಲ್ಲಿ ಮಗು ಮನೆಯೊಳಗೇ ಕೂರುವ ಸಂದರ್ಭ ಬರುತ್ತದೆ. ಹೈಸ್ಕೂಲಿಗೆ ಬಂದ ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಹೆಚ್ಚು. ಆಟದ ಅವಧಿಯಲ್ಲೂ ಅವರು ಗೋಡೆಗೆ ಒರಗಿ ನಿಂತಿರುವುದನ್ನು ನಾವೆಲ್ಲ ಬೋಧನಾಭ್ಯಾಸದಲ್ಲಿ ನೋಡುತ್ತೇವೆ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈಗೆ ಕೆಲಸ ಕೊಡುವ ಚಟುವಟಿಕೆ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಮೈದಾನವಿಲ್ಲದೆ, ಖರ್ಚಿಲ್ಲದೆ, ಒಂದು ಕೋಣೆಯಷ್ಟು ಜಾಗದಲ್ಲಿ ಇದರ ಒಂದು ಪಾಲನ್ನಾದರೂ ಹೇಗೆ ಪೂರೈಸಬಹುದು? ಅದೇ ಚಟುವಟಿಕೆಯಿಂದ ವಿಜ್ಞಾನ ಪಾಠವೂ ನಡೆಯಬಹುದೇ? ಈ ಎರಡು ಪ್ರಶ್ನೆಗಳಿಗೆ ಉತ್ತರವಾಗಿ ಹೆಜ್ಜೆ–ತಾಳದ ವಿಡಿಯೋ ಆಟವನ್ನು ಆಯ್ದುಕೊಂಡು ಪಾಠವೊಂದನ್ನು ರೂಪಿಸಿದೆ. ಅದನ್ನು ಸಹ ಪ್ರಶಿಕ್ಷಣಾರ್ಥಿಗಳ ಬಳಕೆಗಾಗಿ ಇಲ್ಲಿ ವಿವರಿಸಿದ್ದೇನೆ.

ಆಟದ ಪರಿಚಯ

1998ರಲ್ಲಿ ಜಪಾನಿನ ಕೊನಾಮಿ ಕಂಪನಿ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’ ಎಂಬ ಆಟವನ್ನು ಆಟದಂಗಡಿಗಳಿಗೆ ತಂದಿತು. ಮರುವರ್ಷವೇ ಅದು ಪ್ಲೇಸ್ಟೇಷನ್ ಮೂಲಕ ಮನೆಗಳಿಗೂ ಬಂತು. ನೆಲದ ಮೇಲೆ ಒಂದು ಚಾಪೆ; ಅದರಲ್ಲಿ ಎಡ, ಬಲ, ಮುಂದೆ, ಹಿಂದೆ ಎಂದು ನಾಲ್ಕು ಬಾಣಗಳು. ಪರದೆಯ ಮೇಲೆ ಬಾಣಗಳು ಕೆಳಗಿನಿಂದ ಮೇಲಕ್ಕೆ ಏರುತ್ತವೆ. ಮೇಲಿರುವ ಗುರುತನ್ನು ಬಾಣ ಮುಟ್ಟುವ ಕ್ಷಣಕ್ಕೆ ಸರಿಯಾಗಿ ನಾವು ಚಾಪೆಯ ಅದೇ ಬಾಣವನ್ನು ತುಳಿಯಬೇಕು. ಎಷ್ಟು ಸರಿಯಾಗಿ ಹೊತ್ತಿಗೆ ತುಳಿದೆವೋ ಅಷ್ಟು ಅಂಕ. 2009ರಲ್ಲಿ ಯೂಬಿಸಾಫ್ಟ್ ಕಂಪನಿಯ ‘ಜಸ್ಟ್ ಡ್ಯಾನ್ಸ್’ ಬಂದಾಗ ಚಾಪೆಯೂ ಬೇಡವಾಯಿತು. ಕೈಯಲ್ಲಿ ಹಿಡಿದ ಸಾಧನವೇ ಕೈಯ ಚಲನೆಯನ್ನು ಅಳೆಯುತ್ತಿತ್ತು. ‘ಸ್ಟೆಪ್‌ಮೇನಿಯಾ’ ಎಂಬ ಉಚಿತ ತಂತ್ರಾಂಶವೂ ಇದೆ. ಅದು ಸಾಮಾನ್ಯ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಕೀಲಿಮಣೆಯ ನಾಲ್ಕು ಬಾಣದ ಗುಂಡಿಗಳಿಂದಲೂ ಆಡಬಹುದು.

ಇದನ್ನು ಶಾಲೆಗೆ ತಂದವರು ಈ ಹಿಂದೆಯೂ ಇದ್ದಾರೆ. 2006ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯ ತನ್ನ 765 ಸರ್ಕಾರಿ ಶಾಲೆಗಳಿಗೂ ಈ ಆಟವನ್ನು ಒಯ್ಯುವ ಯೋಜನೆ ಪ್ರಕಟಿಸಿತ್ತು. ಮೈದಾನದ ಆಟಕ್ಕೆ ಬಾರದ ಮಕ್ಕಳೂ ಮೈ ಅಲುಗಾಡಿಸಲಿ ಎಂಬುದು ಅಲ್ಲಿನ ಉದ್ದೇಶವಾಗಿತ್ತು.

ಆಟ ಹೊಸದಾದರೂ ಅದರ ಅಂಗಗಳು ನಮ್ಮ ಮಕ್ಕಳಿಗೆ ಹೊಸವಲ್ಲ. ನೆಲದ ಮೇಲೆ ಮನೆ ಬರೆದು ಗೆರೆ ತುಳಿಯದೆ ಕುಪ್ಪಳಿಸುವುದು ಕುಂಟೆಬಿಲ್ಲೆ. ತಾಳ ತಪ್ಪದೆ ಎದುರಿನವರ ಕೋಲಿಗೆ ಕೋಲು ತಾಗಿಸುವುದು ಕೋಲಾಟ. ಭಾರದ ವಾದ್ಯ ಹೊತ್ತು ಬಡಿತಕ್ಕೆ ಸರಿಯಾಗಿ ಹೆಜ್ಜೆ ಹಾಕುವುದು ಡೊಳ್ಳು ಕುಣಿತ. ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಅಲ್ಲಮಪ್ರಭು ಮದ್ದಳೆ ನುಡಿಸುತ್ತಿದ್ದನೆಂದು ಪರಂಪರೆ ಹೇಳುತ್ತದೆ. ಆದ್ದರಿಂದ ‘ವಿಡಿಯೋ ಗೇಮ್’ ಎಂದು ಆರಂಭಿಸುವ ಬದಲು ‘ತಾಳಕ್ಕೆ ಆಡುವ ಕುಂಟೆಬಿಲ್ಲೆ’ ಎಂದು ಆರಂಭಿಸಿದರೆ ಮಕ್ಕಳು ಬೇಗ ಹಿಡಿಯುತ್ತಾರೆ.

ಕಲಿಕಾ ಉದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಯು:
1. ನಿಮಿಷಕ್ಕೆ ಇಷ್ಟು ಬಡಿತ ಎಂಬುದನ್ನು ಆವೃತ್ತಿಗೂ ಆವರ್ತನ ಅವಧಿಗೂ ಪರಿವರ್ತಿಸುತ್ತಾನೆ/ಳೆ.
2. ಬಡಿತದ ಆವೃತ್ತಿಗೂ ಶಬ್ದದ ಆವೃತ್ತಿಗೂ ಇರುವ ವ್ಯತ್ಯಾಸವನ್ನು ಉದಾಹರಣೆಯೊಂದಿಗೆ ಹೇಳುತ್ತಾನೆ/ಳೆ.
3. ಶಬ್ದಕ್ಕೆ ನಿರ್ದಿಷ್ಟ ವೇಗವಿದೆ ಎಂಬುದನ್ನು ತಾಳದ ಸಹಾಯದಿಂದ ತೋರಿಸುತ್ತಾನೆ/ಳೆ.
4. ಮನೆಯಲ್ಲಿ ದಿನಕ್ಕೆ 15 ನಿಮಿಷ ಆಡಬಹುದಾದ ಆಟವನ್ನು ಸ್ವತಃ ಸಿದ್ಧಪಡಿಸುತ್ತಾನೆ/ಳೆ.

ಬೋಧನೋಪಕರಣಗಳು

ಸೀಮೆಸುಣ್ಣ, ದಾರ, ಸಣ್ಣ ಕಲ್ಲು, ಅಳತೆಪಟ್ಟಿ, ಊಟದ ತಟ್ಟೆ ಮತ್ತು ಚಮಚ, ಸೆಕೆಂಡು ತೋರಿಸುವ ಗಡಿಯಾರ. ಡೊಳ್ಳು ಅಥವಾ ತಮಟೆ ಸಿಕ್ಕರೆ ಒಳ್ಳೆಯದು. ಮಳೆಗಾಲದಲ್ಲಿ ಕರೆಂಟು ನಂಬಲಾಗದ ಕಾರಣ ಪಾಠದ ಯಾವ ಹಂತವೂ ವಿದ್ಯುತ್ತನ್ನು ಅವಲಂಬಿಸದಂತೆ ಯೋಜಿಸಿದ್ದೇನೆ.

ತಾಳ ಕೊಡುವ ಯಂತ್ರವಾಗಿ ಲೋಲಕ ಸಾಕು. ದಾರದ ತುದಿಗೆ ಕಲ್ಲು ಕಟ್ಟಿ, ಕಿಟಕಿಯ ಸರಳಿಗೆ ತೂಗಿಬಿಟ್ಟು, ಸ್ವಲ್ಪವೇ ಎಳೆದು ಬಿಡಬೇಕು. ಕಲ್ಲು ಮಧ್ಯದ ಗೆರೆ ದಾಟಿದಾಗಲೆಲ್ಲ ಒಂದು ಬಡಿತ. ಒಂದು ಪೂರ್ತಿ ತೂಗಾಟದಲ್ಲಿ ಕಲ್ಲು ಎರಡು ಸಲ ಮಧ್ಯ ದಾಟುತ್ತದೆ ಎಂಬುದನ್ನು ನೆನಪಿಡಬೇಕು. ಕಟ್ಟಿದ ಜಾಗದಿಂದ ಕಲ್ಲಿನ ನಡುಭಾಗದವರೆಗೆ ದಾರದ ಉದ್ದ ಹೀಗಿರಲಿ:

ನಿಮಿಷಕ್ಕೆ 60 ಬಡಿತ – 99 ಸೆಂ.ಮೀ.
ನಿಮಿಷಕ್ಕೆ 80 ಬಡಿತ – 56 ಸೆಂ.ಮೀ.
ನಿಮಿಷಕ್ಕೆ 90 ಬಡಿತ – 44 ಸೆಂ.ಮೀ.
ನಿಮಿಷಕ್ಕೆ 100 ಬಡಿತ – 36 ಸೆಂ.ಮೀ.
ನಿಮಿಷಕ್ಕೆ 120 ಬಡಿತ – 25 ಸೆಂ.ಮೀ.

60ರಿಂದ 120ಕ್ಕೆ ಹೋದಾಗ ತಾಳ ಎರಡರಷ್ಟು ವೇಗವಾಯಿತು, ದಾರ ಮಾತ್ರ ನಾಲ್ಕನೇ ಒಂದು ಭಾಗಕ್ಕಿಳಿಯಿತು. ಇದನ್ನು ಮೊದಲೇ ಹೇಳಬಾರದು, ಮಕ್ಕಳೇ ಅಳೆದು ಕಂಡುಕೊಳ್ಳಬೇಕು. ಕಲ್ಲನ್ನು ದೊಡ್ಡದು ಮಾಡಿದರೆ ತಾಳ ಬದಲಾಗುತ್ತದೆಯೇ ಎಂದು ಕೇಳಿ, ಪ್ರಯೋಗ ಮಾಡಿಸಿ. ಅಳತೆ ಕಲ್ಲಿನ ನಡುಭಾಗಕ್ಕೇ ಇರಲಿ. ಆಗ ತಾಳ ಬದಲಾಗುವುದಿಲ್ಲ.

ಪಾಠದ ಹಂತಗಳು

ತೊಡಗಿಸಿಕೊಳ್ಳುವಿಕೆ (5 ನಿಮಿಷ). ಮೇಜಿನ ಮೇಲೆ ತಟ್ಟೆಯನ್ನು ಒಂದೇ ಸಮನಾಗಿ ಬಡಿಯುತ್ತಾ ಮಕ್ಕಳಿಂದ ಚಪ್ಪಾಳೆ ಹೊಡೆಸುವುದು. ನಾಲ್ಕೈದು ಬಡಿತವಾದ ಮೇಲೆ ಶಿಕ್ಷಕರು ಥಟ್ಟನೆ ನಿಲ್ಲಿಸಬೇಕು. ತಟ್ಟೆಯ ಸದ್ದಿಲ್ಲದಿದ್ದರೂ ತರಗತಿಯ ಚಪ್ಪಾಳೆ ಇನ್ನೊಂದೆರಡು ಸಲ ಬೀಳುತ್ತದೆ. “ಸದ್ದೇ ಇಲ್ಲ, ಮತ್ತೆ ಯಾಕೆ ಚಪ್ಪಾಳೆ ಹೊಡೆದಿರಿ?” ಎಂದು ಕೇಳಿದಾಗ “ಬರುತ್ತೆ ಅಂತ ಗೊತ್ತಿತ್ತು ಮಿಸ್” ಎಂಬ ಉತ್ತರ ಬಂತು. ಇಡೀ ಪಾಠ ನಿಂತಿರುವುದು ಈ ಉತ್ತರದ ಮೇಲೆ.

ಅನ್ವೇಷಣೆ (15 ನಿಮಿಷ). ನಾಲ್ವರ ಗುಂಪುಗಳು. ಒಬ್ಬರು ಲೋಲಕ ನೋಡಿ ತಟ್ಟೆ ಬಡಿಯುವವರು, ಒಬ್ಬರು ‘ಎಡ, ಬಲ, ಮುಂದೆ, ಹಿಂದೆ’ ಎಂದು ಕೂಗುವವರು, ಒಬ್ಬರು ಹೆಜ್ಜೆ ಹಾಕುವವರು, ಒಬ್ಬರು ತಪ್ಪು–ಒಪ್ಪು ಬರೆದುಕೊಳ್ಳುವವರು. ಮೂರು ನಿಮಿಷಕ್ಕೊಮ್ಮೆ ಪಾತ್ರ ಬದಲು. ನೆಲದ ಮೇಲೆ ಸೀಮೆಸುಣ್ಣದಿಂದ ಒಂದೊಂದು ಅಡಿಯ ಐದು ಚೌಕ: ನಡುವೆ ಒಂದು, ಸುತ್ತ ನಾಲ್ಕು. ಕೂಗುವವರು ಒಂದು ಬಡಿತ ಮುಂಚಿತವಾಗಿ ಕೂಗಬೇಕು, ಹೆಜ್ಜೆ ಮುಂದಿನ ಬಡಿತಕ್ಕೆ ಬೀಳಬೇಕು. ಪರದೆಯ ಮೇಲೆ ಬಾಣ ಏರಿ ಬರುವುದಕ್ಕೆ ಬದಲಾಗಿ ಇಲ್ಲಿ ಕೂಗು ಇದೆ.

ಎಲ್ಲರಿಗೂ ಒಂದೊಂದು ಕೆಲಸ ಇರುವುದರಿಂದ ‘ಕುಣಿಯಲು ಬನ್ನಿ’ ಎಂದು ಯಾರನ್ನೂ ಎಳೆಯಬೇಕಾಗುವುದಿಲ್ಲ. ಲೆಕ್ಕ ಬರೆಯುತ್ತೇನೆಂದು ಮೂಲೆ ಹಿಡಿದ ಹುಡುಗಿಯ ಸರದಿಯೂ ಒಂಬತ್ತು ನಿಮಿಷದೊಳಗೆ ಬಂದೇ ಬರುತ್ತದೆ. ಕಾಲು ಬಳಸಲಾಗದ ಮಗುವಿಗೆ ಮೇಜಿನ ಮೇಲೆ ಅದೇ ನಾಲ್ಕು ಚೌಕ ಬರೆದು ಕೈಯಿಂದ ಆಡಿಸಬೇಕು. ನಿಯಮ, ಲೆಕ್ಕ, ಅಂಕ ಎಲ್ಲವೂ ಒಂದೇ ಇರಲಿ.

ವಿವರಣೆ (10 ನಿಮಿಷ). ಕಪ್ಪುಹಲಗೆಯ ಮೇಲೆ: ನಿಮಿಷಕ್ಕೆ 120 ಬಡಿತ, ಅಂದರೆ ಸೆಕೆಂಡಿಗೆ 2, ಅಂದರೆ ಆವೃತ್ತಿ 2 ಹರ್ಟ್ಜ್. ಒಂದು ಬಡಿತದಿಂದ ಇನ್ನೊಂದಕ್ಕೆ 0.5 ಸೆಕೆಂಡು, ಇದು ಆವರ್ತನ ಅವಧಿ. ನಿಮಿಷಕ್ಕೆ 90 ಬಡಿತವಾದರೆ 1.5 ಹರ್ಟ್ಜ್, ಅವಧಿ ಸುಮಾರು 0.67 ಸೆಕೆಂಡು. ನಿಮಿಷಕ್ಕೆ 150 ಬಡಿತವಾದರೆ? ಮಕ್ಕಳೇ ಹೇಳಲಿ: 2.5 ಹರ್ಟ್ಜ್, 0.4 ಸೆಕೆಂಡು.

ಇಲ್ಲಿ ಒಂದು ಪ್ರಶ್ನೆ ಬರುವುದು ಖಚಿತ, ಬರದಿದ್ದರೆ ನಾವೇ ಕೇಳಬೇಕು. “20 ಹರ್ಟ್ಜ್‌ಗಿಂತ ಕಡಿಮೆ ಆದ್ರೆ ಮನುಷ್ಯರಿಗೆ ಕೇಳಿಸಲ್ಲ ಅಂತ ಪುಸ್ತಕದಲ್ಲಿದೆಯಲ್ವಾ ಮಿಸ್, 2 ಹರ್ಟ್ಜ್ ಹೇಗೆ ಕೇಳಿಸ್ತು?” ಉತ್ತರ: 2 ಹರ್ಟ್ಜ್ ಎಂಬುದು ಕೈ ಬಡಿಯುವ ಆವೃತ್ತಿ. ಪ್ರತಿ ಬಡಿತಕ್ಕೂ ಡೊಳ್ಳಿನ ಚರ್ಮ ಅಥವಾ ತಟ್ಟೆಯ ಲೋಹ ತನ್ನದೇ ವೇಗದಲ್ಲಿ, ಸೆಕೆಂಡಿಗೆ ಎಷ್ಟೋ ಸಲ ಕಂಪಿಸುತ್ತದೆ. ನಮ್ಮ ಕಿವಿಗೆ ಕೇಳುವುದು ಆ ಕಂಪನ. ಅದಕ್ಕೇ ಒಂದೇ ತಾಳದಲ್ಲಿ ಬಡಿದರೂ ಡೊಳ್ಳಿನ ಸದ್ದು ದಪ್ಪ, ತಟ್ಟೆಯ ಸದ್ದು ಕೀರಲು. ಈ ಗೊಂದಲವನ್ನು ಬಿಡಿಸಿದರೆ ‘ಆವೃತ್ತಿ’ ಎಂಬ ಪದ ಪಕ್ಕಾ ಆಗುತ್ತದೆ.

ವಿಸ್ತರಣೆ (ಮೈದಾನದಲ್ಲಿ, ಮಳೆ ಇಲ್ಲದ ದಿನ). ಒಬ್ಬರು ಮೈದಾನದ ಒಂದು ತುದಿಯಲ್ಲಿ ನಿಂತು ಕೈ ಎತ್ತಿ ಎತ್ತಿ ಸೆಕೆಂಡಿಗೆ 2 ಸಲ ತಮಟೆ ಬಡಿಯಲಿ. ಉಳಿದವರು ನೋಡುತ್ತಾ ದೂರ ನಡೆಯಲಿ. ಹತ್ತಿರವಿದ್ದಾಗ ಕೈ ಬೀಳುವುದೂ ಸದ್ದು ಕೇಳುವುದೂ ಒಟ್ಟಿಗೇ. ಹೋಗುತ್ತಾ ಹೋಗುತ್ತಾ ಸದ್ದು ಹಿಂದೆ ಬೀಳುತ್ತದೆ. ಸುಮಾರು 86 ಮೀಟರ್ ದೂರದಲ್ಲಿ ಕೈ ಮೇಲಿದ್ದಾಗ ಸದ್ದು ಕೇಳುತ್ತದೆ, ಪೂರಾ ಉಲ್ಟಾ. ಕೆರೆ ಏರಿಯಂಥ ಉದ್ದನೆಯ ಜಾಗವಿದ್ದರೆ ಇನ್ನೂ ನಡೆಯಿರಿ. ಸುಮಾರು 172 ಮೀಟರಿಗೆ ಕೈಯೂ ಸದ್ದೂ ಮತ್ತೆ ಕೂಡುತ್ತವೆ. ಆದರೆ ಅದು ಹಿಂದಿನ ಬಡಿತದ ಸದ್ದು! 0.5 ಸೆಕೆಂಡಿನಲ್ಲಿ 172 ಮೀಟರ್, ಹಾಗಾದರೆ 1 ಸೆಕೆಂಡಿನಲ್ಲಿ 344 ಮೀಟರ್. ಶಬ್ದದ ವೇಗ ಸಿಕ್ಕಿತು. ನಿಖರ ಸಂಖ್ಯೆ ಬರದಿದ್ದರೂ ಅಡ್ಡಿಯಿಲ್ಲ. ತಾಳ ಹಿಡಿದು ವೇಗ ಅಳೆಯಬಹುದು ಎಂಬ ಅರಿವು ಮುಖ್ಯ.

ಗಣಿತದೊಂದಿಗೆ ಸಹಸಂಬಂಧ

ಈ ವಿಡಿಯೋ ಆಟಗಳ ಹಾಡುಗಳು ಹೆಚ್ಚಾಗಿ ನಾಲ್ಕರ ಎಣಿಕೆಯವು. ನಮ್ಮಲ್ಲಿ ಬೇರೆ ಎಣಿಕೆಗಳೂ ಇವೆ: ಖಂಡ ಛಾಪು 2+3 ಸೇರಿ 5, ಮಿಶ್ರ ಛಾಪು 3+4 ಸೇರಿ 7. ಎಡ–ಬಲ ಕಾಲು ಬದಲಿಸುತ್ತಾ ನಾಲ್ಕರ ಎಣಿಕೆಗೆ ಹೆಜ್ಜೆ ಹಾಕಿದರೆ ‘ಒಂದು’ ಯಾವಾಗಲೂ ಒಂದೇ ಕಾಲಿಗೆ ಬೀಳುತ್ತದೆ. ಏಳರ ಎಣಿಕೆಗೆ ಹಾಕಿ ನೋಡಿ: ಮೊದಲ ಆವರ್ತದ ‘ಒಂದು’ ಬಲಗಾಲಿಗೆ, ಎರಡನೆಯದರ ‘ಒಂದು’ ಎಡಗಾಲಿಗೆ. ಮತ್ತೆ ಬಲಗಾಲಿಗೆ ಬರಲು 14 ಬಡಿತ ಬೇಕು, ಇದು 7 ಮತ್ತು 2ರ ಲ.ಸಾ.ಅ. ನಾಲ್ಕು ಚೌಕಗಳನ್ನು ಸುತ್ತುತ್ತಾ ಏಳರ ಎಣಿಕೆ ಹಾಕಿದರೆ ‘ಒಂದು’ ಮೊದಲ ಚೌಕಕ್ಕೆ ಮರಳುವುದು 28 ಬಡಿತದ ನಂತರ. ಲ.ಸಾ.ಅ. ಯಾಕೆ ಕಲಿಯಬೇಕು ಎಂದು ಕೇಳುವವರಿಗೆ ಕಾಲೇ ಉತ್ತರ ಹೇಳುತ್ತದೆ.

ಹೊಸಬರು ಯಾಕೆ ತಡವಾಗಿ ತುಳಿಯುತ್ತಾರೆ?

ಮನೆಯಲ್ಲಿ ಆಟ ಶುರುಮಾಡಿದ ಬಹುತೇಕ ಎಲ್ಲರ ದೂರು ಒಂದೇ: “ಬಾಣ ನೋಡಿಯೇ ತುಳಿದೆ, ಆದರೂ ತಪ್ಪು ಅನ್ನುತ್ತೆ.” ಕಾರಣವನ್ನು ಅಳತೆಪಟ್ಟಿಯಿಂದ ತೋರಿಸಬಹುದು. ಒಬ್ಬರು ಪಟ್ಟಿಯನ್ನು ನೇರ ಹಿಡಿದು ಹೇಳದೆ ಬಿಡಲಿ, ಇನ್ನೊಬ್ಬರು ಬೆರಳುಗಳಿಂದ ಹಿಡಿಯಲಿ. ಪಟ್ಟಿ 20 ಸೆಂ.ಮೀ. ಜಾರಿದ್ದರೆ ಕಣ್ಣಿನಿಂದ ಕೈಗೆ ತಲುಪಲು ಸುಮಾರು 0.2 ಸೆಕೆಂಡು ಹಿಡಿಯಿತೆಂದು ಅರ್ಥ. ಅಂದರೆ 200 ಮಿಲಿಸೆಕೆಂಡು. ಸ್ಟೆಪ್‌ಮೇನಿಯಾದ ಸಾಮಾನ್ಯ ಹೊಂದಾಣಿಕೆಯಲ್ಲಿ ಅತ್ಯುತ್ತಮ ಅಂಕಕ್ಕೆ ಹೆಜ್ಜೆ 22.5 ಮಿಲಿಸೆಕೆಂಡಿನ ಒಳಗೆ ಬೀಳಬೇಕು, ಅದರ ಕೆಳಗಿನದಕ್ಕೆ 45 ಮಿಲಿಸೆಕೆಂಡಿನ ಒಳಗೆ. ಬಾಣ ಗುರುತು ಮುಟ್ಟಿದ್ದನ್ನು ಕಂಡಮೇಲೆ ಕಾಲೆತ್ತಿದರೆ ಹೊತ್ತು ಆಗಲೇ ಮೀರಿರುತ್ತದೆ.

ಆದ್ದರಿಂದ ಇದು ನೋಡಿ ತುಳಿಯುವ ಆಟವಲ್ಲ, ಎಣಿಸಿ ತುಳಿಯುವ ಆಟ. ಕಣ್ಣು ಹೇಳುವುದು ‘ಯಾವ ಚೌಕ’ ಎಂದು ಮಾತ್ರ. ‘ಯಾವಾಗ’ ಎಂದು ಹೇಳುವುದು ಕಿವಿ. ಡೊಳ್ಳಿನವರು ಪಕ್ಕದವರ ಕೋಲು ಬೀಳುವುದನ್ನು ನೋಡಿ ಬಡಿಯುವುದಿಲ್ಲ, ತಾಳವನ್ನು ಒಳಗೆ ಇಟ್ಟುಕೊಂಡಿರುತ್ತಾರೆ. ಚಪ್ಪಾಳೆಯ ಪ್ರಯೋಗದಲ್ಲಿ ಮಕ್ಕಳು ಹೇಳಿದ “ಬರುತ್ತೆ ಅಂತ ಗೊತ್ತಿತ್ತು” ಎಂಬುದೂ ಇದೇ.

ಮನೆಯಲ್ಲಿ ಮೊದಲ ವಾರ

ಮಕ್ಕಳಿಗೆ ಕೊಟ್ಟ ಮನೆಗೆಲಸದ ಹಾಳೆಯ ಸಾರ ಇದು.

1ನೇ ದಿನ: ಜಾಗ ನೋಡಿಕೊಳ್ಳಿ. ಆರು ಅಡಿ ಉದ್ದಗಲ ಸಾಕು. ಒದ್ದೆ ನೆಲ, ಸಾಕ್ಸ್ ಹಾಕಿದ ಕಾಲು, ಜಾರುವ ಗೋಣಿಚೀಲ ಬೇಡ. ಬರಿಗಾಲೇ ಸರಿ. ಲೋಲಕ 99 ಸೆಂ.ಮೀ. ಇಟ್ಟು ಚಪ್ಪಾಳೆ ಮಾತ್ರ.

2ನೇ ದಿನ: 56 ಸೆಂ.ಮೀ. ಲೋಲಕ. ನಿಂತಲ್ಲೇ ಎಡ–ಬಲ ಹೆಜ್ಜೆ. ಹಿಮ್ಮಡಿ ಕುಟ್ಟಬೇಡಿ, ಮುಂಗಾಲಲ್ಲಿ ಹಗುರವಾಗಿ ಮುಟ್ಟಿ. ಮೊಣಕಾಲು ಸ್ವಲ್ಪ ಸಡಿಲವಿರಲಿ.

3ನೇ ದಿನ: ನಾಲ್ಕು ಚೌಕ. ಕೂಗಲು ತಂಗಿ, ತಮ್ಮ, ಅಜ್ಜಿ ಯಾರಾದರೂ ಆದೀತು.

4ನೇ ದಿನ: ನಡುವಿನ ಚೌಕಕ್ಕೆ ಮರಳುವುದನ್ನು ಬಿಡಿ. ಹೊಸಬರೆಲ್ಲ ಪ್ರತಿ ಹೆಜ್ಜೆಯ ನಂತರ ನಡುವಿಗೆ ಬರುತ್ತಾರೆ. ಆಗ ನಾಲ್ಕು ಬಡಿತಕ್ಕೆ ಎಂಟು ಚಲನೆ ಆಗುತ್ತದೆ. ವೇಗ ಹೆಚ್ಚಿದಾಗ ಹೊತ್ತು ಸಾಲುವುದಿಲ್ಲ. ತುಳಿದ ಚೌಕದಲ್ಲೇ ಕಾಲಿಟ್ಟು, ಇನ್ನೊಂದು ಕಾಲಿನಿಂದ ಮುಂದಿನದನ್ನು ತುಳಿಯಿರಿ.

5ನೇ ದಿನ: 44 ಸೆಂ.ಮೀ. ಲೋಲಕ. ಹತ್ತು ನಿಮಿಷ.

6ನೇ ದಿನ: ಏಳರ ಎಣಿಕೆ ಪ್ರಯತ್ನಿಸಿ.

7ನೇ ದಿನ: ಮನೆಯವರೆಲ್ಲ ಸೇರಿ ಆಡಿ. ಯಾರು ಮೊದಲು ತಾಳ ತಪ್ಪಿದರು ಎಂದು ಬರೆಯಿರಿ.

ಆಟ ಮೈಗೆ ಸಾಕಷ್ಟು ಆಗುತ್ತಿದೆಯೇ ಎಂದು ತಿಳಿಯಲು ಯಂತ್ರ ಬೇಡ. ಆಡುತ್ತಾ ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎಂದಾದರೆ ಮಧ್ಯಮ ಶ್ರಮ. ಒಂದೆರಡು ಮಾತಿಗೇ ಉಸಿರು ಕಟ್ಟುತ್ತಿದ್ದರೆ ತೀವ್ರ ಶ್ರಮ, ಸ್ವಲ್ಪ ನಿಧಾನಿಸಿ.

ಕಂಪ್ಯೂಟರ್ ಇರುವ ಮನೆಗಳಿಗೆ

ಸ್ಟೆಪ್‌ಮೇನಿಯಾದಲ್ಲಿ ಮೊದಲು ಆರಂಭಿಕ ಹಂತವನ್ನೇ ಆರಿಸಿ. ಚಾಪೆ ಇಲ್ಲದಿದ್ದರೆ ಒಬ್ಬರು ಕೀಲಿಮಣೆಯಲ್ಲಿ, ಇನ್ನೊಬ್ಬರು ಸೀಮೆಸುಣ್ಣದ ಚೌಕದಲ್ಲಿ ಒಟ್ಟಿಗೆ ಆಡಬಹುದು. ತಾಳ ಎಷ್ಟು ಸರಿ ಹಿಡಿದರೂ ಒಂದೇ ರೀತಿ ತಪ್ಪು ತೋರಿಸುತ್ತಿದ್ದರೆ ಸಾಧನದ ವಿಳಂಬವನ್ನು ಅನುಮಾನಿಸಿ. ನಿಸ್ತಂತು ಸ್ಪೀಕರ್ ಶಬ್ದವನ್ನು ತಡವಾಗಿ ಕೊಡುತ್ತದೆ. ತಂತಿಯ ಸ್ಪೀಕರ್ ಉತ್ತಮ. ಕೆಲವು ಟಿ.ವಿ.ಗಳಲ್ಲಿ ಚಿತ್ರವೇ ತಡವಾಗುತ್ತದೆ. ಕೋಣೆಯ ದೂರದ ಚಿಂತೆ ಬೇಡ: ಸ್ಪೀಕರಿನಿಂದ 3.44 ಮೀಟರ್ ದೂರ ನಿಂತರೂ ಶಬ್ದ ತಲುಪಲು 10 ಮಿಲಿಸೆಕೆಂಡು ಸಾಕು. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ.

ತಂತ್ರಾಂಶದೊಳಗೆ ಹೆಜ್ಜೆ ಬರೆಯುವ ಸೌಲಭ್ಯವೂ ಇದೆ. ಊರಿನ ಡೊಳ್ಳಿನವರ ಒಪ್ಪಿಗೆ ಪಡೆದು ಎರಡು ನಿಮಿಷದ ಬಡಿತ ಧ್ವನಿಮುದ್ರಿಸಿ, ಅದಕ್ಕೆ ಬಾಣಗಳನ್ನು ಕೂಡಿಸುವುದು ಒಳ್ಳೆಯ ಯೋಜನಾಕಾರ್ಯ. ಮಿನುಗುವ ಬೆಳಕಿನಿಂದ ಮೂರ್ಛೆ ಬರುವ ಮಕ್ಕಳಿಗೆ ಪರದೆಯ ಆಟ ಬೇಡ. ಅವರಿಗೆ ಲೋಲಕದ ಆಟವೇ ಸರಿ.

ಪೋಷಕರೊಂದಿಗೆ ಮಾತು

ಪೋಷಕರಿಂದ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು, “ಮೇಡಂ, ಮೊಬೈಲು ಬಿಡಿಸಿ ಅಂದ್ರೆ ನೀವು ಇನ್ನೊಂದು ಗೇಮ್ ಹೇಳಿಕೊಡ್ತೀರಲ್ಲ?” ಇದಕ್ಕೆ ವಾದ ಬೇಡ, ತೋರಿಸಿದರೆ ಸಾಕು. ಲೋಲಕದ ಆಟಕ್ಕೆ ಫೋನು ಬೇಕಿಲ್ಲ. ಬಳಸಿದರೂ ತಾಳಕ್ಕಾಗಿ ಮಾತ್ರ, ಪರದೆ ಕೆಳಗೆ ಮಾಡಿ ಇಟ್ಟರೆ ಆಯಿತು.

ಎರಡನೆಯದು, “ದೊಡ್ಡ ಹುಡುಗಿ ಆದಳು, ಕುಣಿಯೋದು ಚೆಂದ ಕಾಣುತ್ತಾ?” ಈ ಮಾತಿನ ಹಿಂದೆ ಊರಿನ ಕಣ್ಣಿನ ಭಯವಿದೆ, ಅದನ್ನು ಲಘುವಾಗಿ ತಳ್ಳಿಹಾಕಬಾರದು. ಇದು ವಿಜ್ಞಾನದ ಮನೆಗೆಲಸ, ಒಳಮನೆಯಲ್ಲೇ ಮಾಡಬಹುದು, ಲೆಕ್ಕ ಬರೆದು ತರಬೇಕು ಎಂದು ಹಾಳೆಯಲ್ಲಿ ಸ್ಪಷ್ಟವಾಗಿ ಬರೆದಾಗ ಹೆಚ್ಚಿನ ತಾಯಂದಿರು ಒಪ್ಪುತ್ತಾರೆ. ಕೂಗುವ ಕೆಲಸವನ್ನು ತಾಯಿಗೇ ಕೊಟ್ಟರೆ ಇನ್ನೂ ಒಳ್ಳೆಯದು. ಹದಿನಾಲ್ಕರ ಹುಡುಗಿ ಶಾಲೆಯಿಂದ ಬಂದವಳು ಪಾತ್ರೆ, ಪುಸ್ತಕ, ನಿದ್ದೆ ಎಂದಷ್ಟೇ ದಿನ ಮುಗಿಸುವ ಮನೆಯಲ್ಲಿ ಆ 15 ನಿಮಿಷ ಅವಳ ಮೈಯದು. ಶಾಲೆಯ ಹೆಸರಿನಲ್ಲಿ ಅದನ್ನು ಕೊಡಿಸಲು ಸಾಧ್ಯವಾದರೆ ಶಿಕ್ಷಕರು ಕೊಡಿಸಬೇಕು.

ಮೌಲ್ಯಮಾಪನ

1. ಯಕ್ಷಗಾನದ ಚೆಂಡೆ ನಿಮಿಷಕ್ಕೆ 180 ಬಡಿತ ಹಾಕಿದರೆ ಬಡಿತದ ಆವೃತ್ತಿ ಎಷ್ಟು? ಅವಧಿ ಎಷ್ಟು?
2. ಲೋಲಕದ ಉದ್ದವನ್ನು 25 ಸೆಂ.ಮೀ.ನಿಂದ 99 ಸೆಂ.ಮೀ.ಗೆ ಹೆಚ್ಚಿಸಿದರೆ ತಾಳ ಏನಾಗುತ್ತದೆ?
3. ಒಂದೇ ತಾಳದಲ್ಲಿ ಬಡಿದ ಡೊಳ್ಳು ಮತ್ತು ತಟ್ಟೆಯ ಸದ್ದು ಬೇರೆಯಾಗಿ ಕೇಳಲು ಕಾರಣವೇನು?
4. ಐದರ ಎಣಿಕೆಗೆ ನಾಲ್ಕು ಚೌಕ ಸುತ್ತಿದರೆ ‘ಒಂದು’ ಮೊದಲ ಚೌಕಕ್ಕೆ ಎಷ್ಟು ಬಡಿತದ ನಂತರ ಮರಳುತ್ತದೆ?
5. ಬಾಣವನ್ನು ನೋಡಿದ ಮೇಲೆ ತುಳಿದರೆ ಯಾಕೆ ತಡವಾಗುತ್ತದೆ? ಪ್ರಯೋಗದ ಆಧಾರದಿಂದ ವಿವರಿಸಿ.

ಉತ್ತರಪತ್ರಿಕೆಯ ಜೊತೆಗೆ ವಾರದ ಹಾಳೆಯನ್ನೂ ನೋಡಬೇಕು. ಎಷ್ಟು ಚೆನ್ನಾಗಿ ಕುಣಿದರು ಎಂಬುದಕ್ಕೆ ಅಂಕ ಇಲ್ಲ. ಎಷ್ಟು ದಿನ ಆಡಿದರು, ಏನು ಅಳೆದರು ಎಂಬುದಕ್ಕೆ ಮಾತ್ರ ಅಂಕ.

ಸಲಹೆ

ಈ ಪಾಠವನ್ನು ‘ಶಬ್ದ’ ಘಟಕದ ಮೊದಲ ಅವಧಿಗಿಂತ ಮೂರನೇ ಅವಧಿಗೆ ಇಟ್ಟುಕೊಳ್ಳುವುದು ಸೂಕ್ತ. ಕಂಪನ, ಆವೃತ್ತಿ ಎಂಬ ಪದಗಳು ಆಗಲೇ ಪರಿಚಯವಾಗಿರುತ್ತವೆ. ಪಕ್ಕದ ತರಗತಿಗೆ ತೊಂದರೆಯಾಗದಂತೆ ಕೊನೆಯ ಅವಧಿಯನ್ನು ಕೇಳಿ ಪಡೆಯಿರಿ. ದೈಹಿಕ ಶಿಕ್ಷಣ ಶಿಕ್ಷಕರನ್ನೂ ಗಣಿತ ಶಿಕ್ಷಕರನ್ನೂ ಮೊದಲೇ ಮಾತಾಡಿಸಿದರೆ ಒಂದೇ ಚಟುವಟಿಕೆ ಮೂರು ವಿಷಯಕ್ಕೆ ಒದಗುತ್ತದೆ. ದಾರ ಮತ್ತು ಕಲ್ಲನ್ನು ಪಾಠದ ನಂತರ ಮಕ್ಕಳ ಕೈಗೇ ಕೊಟ್ಟು ಕಳಿಸಿ. ಮನೆಯಲ್ಲಿ ಆಟ ಮುಂದುವರಿಯಲು ಅಷ್ಟು ಸಾಕು.